ಅಡ್ಜಸ್ಟ್ ಮರಿಸಿದ್ದಯ್ಯ

ಅಡ್ಜಸ್ಟ್ ಅನ್ನುವ ಇಂಗ್ಲಿಷ್ ಮಾತು ಬೂದಿಕೊಪ್ಪಲಿಗೆ ಯಾವ ಬಸ್ಸಿನಲ್ಲಿ ಬಂದಿಳಿಯಿತೋ ಯಾರಿಗೂ ಗೊತ್ತಿಲ್ಲ. ನೆಂಟರ ಹಾಗೆ ಬಂದು ಮನೆಯವರ ಹಾಗೆ ಕೂತುಬಿಟ್ಟಿತು. ಮೊದಮೊದಲು ಅದಕ್ಕಿದ್ದದ್ದು ಒಂದೇ ಕೆಲಸ. ಸೈಕಲ್ ಶಾಪಿನವನು ಬ್ರೇಕಿನ ನಟ್ಟು ಬಿಗಿ ಮಾಡುವುದಕ್ಕೆ ಅಡ್ಜಸ್ಟ್ ಮಾಡೋದು ಅನ್ನುತ್ತಿದ್ದ, ಅಷ್ಟೆ. ಆಮೇಲೆ ಮಂಡ್ಯದ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಕುಂಡೆ ಊರುವುದು ಅಡ್ಜಸ್ಟ್ ಆಯಿತು. ಟೈಲರು ಚಿಕ್ಕದಾಗಿ ಹೊಲಿದ ರವಿಕೆ ಅಡ್ಜಸ್ಟ್. ಪಕ್ಕದವನ ಸರದಿಯಲ್ಲಿ ನಾಲೆ ನೀರು ನಮ್ಮ ಗದ್ದೆಗೆ ತಿರುಗಿದರೆ ಅಡ್ಜಸ್ಟ್, ನಮ್ಮ ಸರದಿಯಲ್ಲಿ ಅವನ ಗದ್ದೆಗೆ ತಿರುಗಿದರೆ ಮಾತ್ರ ಅದು ಕಳ್ಳತನ. ಗಂಡನ ಏಟು ತಿಂದು ತವರಿಗೆ ಬಂದವಳನ್ನು ಬುದ್ಧಿ ಹೇಳಿ ಮತ್ತೆ ಬಸ್ಸು ಹತ್ತಿಸುವುದೂ ಅಡ್ಜಸ್ಟೇ. ಗುಂಡಿ ಗಿಡ್ಡವಾಯಿತೆಂದು ಹೆಣದ ಮೊಣಕಾಲು ಮಡಚುವಾಗ ಯಾರೋ ಒಬ್ಬರು ಇದೇ ಮಾತನ್ನು ಆಡಿದ್ದನ್ನು ಊರಿನವರು ಕಿವಿಯಾರೆ ಕೇಳಿದ್ದಾರೆ, ಯಾರೂ ನಗಲಿಲ್ಲ.

ಈ ಮಾತನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಬಳಸಿದವನು ಲೈನ್‌ಮ್ಯಾನ್ ಮರಿಸಿದ್ದಯ್ಯ. ಬಳಸಿ ಬಳಸಿ ಅದು ಅವನ ಹೆಸರಿಗೇ ಅಂಟಿಕೊಂಡಿತು. ಸುತ್ತಮುತ್ತ ಮರಿಸಿದ್ದಯ್ಯ ಎಂಬ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ; ಅಡ್ಜಸ್ಟ್ ಮರಿಸಿದ್ದಯ್ಯ ಅಂದರೆ ಮಾತ್ರ ಕೊತ್ತತ್ತಿಯಿಂದ ಹೊಳಲಿನವರೆಗೆ ಎಲ್ಲರೂ ಕರೆಂಟಾಫೀಸಿನ ಕಡೆ ಕೈ ತೋರಿಸುತ್ತಿದ್ದರು. ಆ ಹೆಸರಿನ ಬಗ್ಗೆ ಅವನಿಗೆ ಬೇಜಾರಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆ. ಮದುವೆಮನೆಗೆ ಒಂದು ದಿನದ ಮಟ್ಟಿಗೆ ಕಂಬದಿಂದ ವೈರು ಬೇಕೆ, ಸುಟ್ಟುಹೋದ ಟ್ರಾನ್ಸ್‌ಫಾರ್ಮರು ಬದಲಾಗುವವರೆಗೆ ಪಕ್ಕದ ಲೈನಿನಿಂದ ಪಂಪ್‌ಸೆಟ್ಟು ಓಡಬೇಕೆ, ಅವನ ಹತ್ತಿರ ಇಲ್ಲ ಅನ್ನುವ ಮಾತೇ ಇರಲಿಲ್ಲ. ಕಾಸಿಗೆ ಕೈಯೊಡ್ಡಿದವನಲ್ಲ. ಜನ ಪ್ರೀತಿಯಿಂದ ಒಂದು ಅಚ್ಚು ಬೆಲ್ಲವನ್ನೋ ಒಂದು ಗೊನೆ ಬಾಳೆಯನ್ನೋ ಮನೆಗೆ ಕಳಿಸುತ್ತಿದ್ದರು. ಜನಕ್ಕೆ ಬೇಕಾದವನಾಗಿ ಬದುಕುವುದು ಎಂಥ ಸುಖ ಅನ್ನುವುದು ಆ ಸುಖ ಉಂಡವರಿಗೇ ಗೊತ್ತು.

ಅವನ ಮಗಳು ರಂಜಿತಳ ಗಂಡ ಸಂತೋಷನೂ ಅದೇ ಆಫೀಸಿನಲ್ಲಿ ಲೈನ್ ಕೆಲಸಕ್ಕಿದ್ದ. ಆತಗೂರಿನ ಕಡೆಯ ಹುಡುಗ, ಮಾತು ಕಡಿಮೆ. ಮಾವನಿಗೂ ಅಳಿಯನಿಗೂ ಒಂದೇ ಒಂದು ವಿಷಯದಲ್ಲಿ ಸರಿಬರುತ್ತಿರಲಿಲ್ಲ. ಸಂತೋಷ ಎಲ್ಲವನ್ನೂ ಪುಸ್ತಕದಲ್ಲಿದ್ದ ಹಾಗೇ ಮಾಡಬೇಕು ಅನ್ನುವವನು. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಲೈನು ಆಫ್ ಮಾಡಿಸಬೇಕು. ಆಫ್ ಆಗಿದೆ ಅಂತ ಅವರು ಹೇಳಿದರೂ ನಂಬದೆ ಅರ್ಥಿಂಗ್ ರಾಡು ಹಾಕಬೇಕು. ಅದೊಂದು ಉದ್ದನೆಯ ಕೋಲು, ತುದಿಯಲ್ಲಿ ಕೊಕ್ಕೆ, ಕೊಕ್ಕೆಯಿಂದ ನೆಲಕ್ಕಿಳಿಯುವ ತಂತಿ. ಎಲ್ಲಿಂದಲೋ ಕರೆಂಟು ನುಗ್ಗಿ ಬಂದರೆ ಮೇಲಿರುವವನ ಮೈಗೆ ಬರದೆ ಮಣ್ಣಿಗೆ ಹೋಗುತ್ತದೆ. ಇಷ್ಟೂ ಮುಗಿಸಿ ಹೆಂಡತಿಗೊಂದು ಫೋನು ಮಾಡಿ, ಹತ್ತುತ್ತಾ ಇದೀನಿ ಅಂತ ಹೇಳಿ ಆಮೇಲೆ ಹತ್ತುತ್ತಿದ್ದ. ಆಫೀಸಿನವರು ಇದನ್ನು ಆಡಿಕೊಂಡು ನಗುತ್ತಿದ್ದರು. ಮಾವನೂ ಅವರ ಜೊತೆ ಸೇರಿ ನಗುತ್ತಿದ್ದ.

ಆಫೀಸಿನಲ್ಲಿ ನೆಟ್ಟಗಿದ್ದ ರಾಡು ಒಂದೇ. ಇನ್ನೊಂದರ ಕೊಕ್ಕೆ ಮುರಿದು ಯಾವ ಕಾಲವಾಗಿತ್ತೋ. ಹೊಸದು ಬೇಕು ಅಂತ ಯಾರೂ ಬರೆದುಕೊಟ್ಟಿರಲಿಲ್ಲ, ಯಾಕೆಂದರೆ ಎಲ್ಲರೂ ಅಡ್ಜಸ್ಟ್ ಮಾಡಿಕೊಂಡಿದ್ದರು.

ಇನ್ನು ಮಹದೇವಯ್ಯನ ಆಲೆಮನೆಯ ಕಥೆ. ಮಹದೇವಯ್ಯ ಊರಿನ ದೊಡ್ಡ ಕುಳ, ಮರಿಸಿದ್ದಯ್ಯನಿಗೆ ಹುಡುಗುತನದ ಗೆಳೆಯ. ಗಾಣ ಅರೆಯುವಾಗ ಕರೆಂಟು ಹೋದರೆ ಕಬ್ಬಿನ ಹಾಲು ಹುಳಿ ಬರುತ್ತದೆ, ಕೊಪ್ಪರಿಗೆಯ ಪಾಕ ಕೆಡುತ್ತದೆ ಅಂತ ದೊಡ್ಡದೊಂದು ಜನರೇಟರು ತಂದಿಟ್ಟುಕೊಂಡ. ಹಾಗೆ ಜನರೇಟರು ಇಡುವವರು ಚೇಂಜ್‌ಓವರ್ ಸ್ವಿಚ್ಚು ಅಂತ ಒಂದನ್ನು ಹಾಕಿಸಬೇಕು. ಅದಿದ್ದರೆ ಕಂಬದ ಕರೆಂಟು ಇಲ್ಲವೇ ಜನರೇಟರಿನ ಕರೆಂಟು, ಎರಡರಲ್ಲಿ ಒಂದೇ ಹರಿಯುತ್ತದೆ. ಅದಿಲ್ಲದಿದ್ದರೆ ಜನರೇಟರಿನ ಕರೆಂಟು ಗಾಣಕ್ಕೂ ಹೋಗುತ್ತದೆ, ಹಿಂದಕ್ಕೆ ತಿರುಗಿ ಕಂಬಕ್ಕೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರನ್ನು ದಾಟುವಾಗ ಅದು ಹೆಣ ಬೀಳಿಸುವಷ್ಟು ದೊಡ್ಡದಾಗಿರುತ್ತದೆ.

"ಸ್ವಿಚ್ಚು ಮುಂದಿನ್ ವರ್ಸ ಆಕುಸ್ತೀನಿ ಕಣ್ಲಾ, ಈಗ ಸೀಜನ್ನು, ನೀನೇ ಏನಾರ ಅಡ್ಜಸ್ಟ್ ಮಾಡ್ಲಾ," ಅಂದ ಮಹದೇವಯ್ಯ.

ಮರಿಸಿದ್ದಯ್ಯ ಅಡ್ಜಸ್ಟ್ ಮಾಡಿದ. ಗಾಣದ ಆಳು ಪುಟ್ಟರಾಜುವನ್ನು ಕರೆದು, "ನೋಡ್ಲಾ, ಜನರೇಟ್ರು ಆನ್ ಮಾಡಕ್ ಮುಂಚೆ ಮೀಟ್ರು ತಾವ ಇರೋ ಈ ಮೂರು ಫ್ಯೂಸ್ನೂ ಕಿತ್ತು ಮಡಗ್ಬುಡು. ಮರೀಬ್ಯಾಡ ಕಣ್ಲಾ," ಅಂತ ತೋರಿಸಿಕೊಟ್ಟ. ಆಫೀಸಿನ ಕಾಗದಕ್ಕೆ ಸ್ವಿಚ್ಚು ಇದೆ ಅಂತ ರುಜು ಹಾಕಿದ. ಪುಟ್ಟರಾಜು ಒಂದು ದಿನವೂ ಮರೆಯಲಿಲ್ಲ. ಮುಂದಿನ ವರ್ಷ ಬಂತು, ಅದರ ಮುಂದಿನದೂ ಬಂತು, ಸ್ವಿಚ್ಚು ಬರಲಿಲ್ಲ.

ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ, ಎರಡು ಕಡೆ ಲೈನು ಕೆಟ್ಟಿತು. ಹೊಳಲಿನ ಕಡೆ ಮರದ ಕೊಂಬೆ ಬಿದ್ದು ತಂತಿ ಹರಿದಿತ್ತು. ಬೂದಿಕೊಪ್ಪಲಿನ ನಾಲೆ ಏರಿಯ ಮೇಲಿನ ಕಂಬದಲ್ಲಿ ಒಂದು ತುಂಡು ತಂತಿ ಸುಟ್ಟಿತ್ತು. ದೊಡ್ಡ ಕೆಲಸಕ್ಕೆ ಮರಿಸಿದ್ದಯ್ಯ ಹೊರಟ, ಚಿಕ್ಕದಕ್ಕೆ ಸಂತೋಷನನ್ನು ಕಳಿಸಿದ. ಜೀಪಿಗೆ ಸಾಮಾನು ಏರಿಸುವಾಗ ಸಂತೋಷ ಬಂದು ನಿಂತ.

"ಮಾವ, ರಾಡು?"

"ನಂಗ್ ಬೇಕಲ್ಲಪ್ಪ, ಅಲ್ಲಿ ಮೂರ್ ಕಂಬದ್ ಕೆಲ್ಸ ಅದೆ."

"ಸರಿ, ನೀವು ಮುಗ್ಸಿ ತಂದ್ಮೇಲೆ ನಾನು ಅತ್ತೀನಿ."

"ಮಧ್ಯಾನ ಆಯ್ತದೆ ಕಣಪ್ಪ. ಊರಿನ್ ಜನ ಬೊಂಬ್ಡಿ ಒಡೀತಾವ್ರೆ. ಲೈನ್ ಆಫ್ ಮಾಡ್ಸಿ ಅತ್ಬುಡು, ಒಂದ್ ಗಳ್ಗೆ ಕೆಲ್ಸ. ಇವತ್ತೊಂದಿನ ಅಡ್ಜಸ್ಟ್ ಮಾಡ್ಕ."

ಸಂತೋಷ ಏನೋ ಹೇಳಲು ಬಾಯಿ ತೆರೆದ. ಜೀಪು ಹೊರಟಿತು.

ಅವನು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಲೈನು ಆಫ್ ಮಾಡಿಸಿಕೊಂಡೇ ಹತ್ತಿದ. ಅತ್ತ ಮಹದೇವಯ್ಯನ ಆಲೆಮನೆಯಲ್ಲಿ ಕರೆಂಟು ಹೋಯಿತು. ಪುಟ್ಟರಾಜು ಅವತ್ತು ಮಳವಳ್ಳಿ ಕಡೆ ಬೀಗರ ಊಟಕ್ಕೆ ಹೋಗಿದ್ದ. ಒಲೆಯ ಮುಂದೆ ಇದ್ದವರು ಆ ಸೀಜನ್ನಿಗೆ ಉತ್ತರದ ಕಡೆಯಿಂದ ಬಂದ ಹೊಸ ಆಳುಗಳು. ಕನ್ನಡವೇ ಬಾರದ ಅವರಿಗೆ ಫ್ಯೂಸಿನ ವಿಚಾರ ಯಾರು ಹೇಳಬೇಕು? ಪಾಕ ಕೆಡುತ್ತದೆ ಅಂತ ಅಂಜಿ ಜನರೇಟರು ಆನ್ ಮಾಡಿದರು. ಗಾಣ ತಿರುಗಿತು. ನಾಲೆ ಏರಿಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಿರುಚಿಕೊಂಡರು.

ಮರಿಸಿದ್ದಯ್ಯ ಬರುವ ಹೊತ್ತಿಗೆ ಅಳಿಯನನ್ನು ಕೆಳಗೆ ಇಳಿಸಿ, ಕಬ್ಬಿನ ಸೋಗೆಯ ಮೇಲೆ ಮಲಗಿಸಿ, ಯಾರದೋ ಟವೆಲ್ಲು ಹೊದಿಸಿದ್ದರು. ಟವೆಲ್ಲು ಸಾಲದೆ ಕಾಲು ಹೊರಗಿದ್ದವು. ರಾಡು ಜೀಪಿನ ಹಿಂದೆ ಹಾಗೇ ಇತ್ತು. ಹೊಳಲಿನ ಮೂರು ಕಂಬಕ್ಕೂ ಅದನ್ನು ಹಾಕಿರಲಿಲ್ಲ, ಅಲ್ಲಿ ಯಾಕೋ ಅದರ ಅಗತ್ಯವೇ ಬಿದ್ದಿರಲಿಲ್ಲ. ಅವನು ಏರಿಯ ಮೇಲೆ ಕುಕ್ಕರುಬಡಿದು ಕೂತ. ಅಳು ಬರಲಿಲ್ಲ. ದೂರದಲ್ಲಿ ಮಹದೇವಯ್ಯನ ಜನರೇಟರು ಇನ್ನೂ ಓಡುತ್ತಿತ್ತು. ಅದರ ಸದ್ದು ಕೇಳಿದ ಕೂಡಲೇ ಅವನಿಗೆ ಎಲ್ಲಾ ಗೊತ್ತಾಗಿಹೋಯಿತು.

ಮೂರನೆಯ ದಿನ, ಹಾಲು-ತುಪ್ಪ ಬಿಟ್ಟು ಬಂದ ಮೇಲೆ, ಎಂಜಿನಿಯರ್ ಯೋಗಾನರಸಿಂಹ ಮನೆಗೆ ಬಂದರು. ಕೆಟ್ಟ ಮನುಷ್ಯ ಅಂತ ಹೇಳುವ ಹಾಗಿಲ್ಲ. ಕಣ್ಣು ಕೆಂಪಾಗಿದ್ದವು, ಕಾಫಿ ಕೊಟ್ಟರೆ ಬೇಡ ಅಂದರು. ಜೊತೆಗೆ ಮಹದೇವಯ್ಯನೂ ಇದ್ದ, ತಲೆ ಮೇಲೆತ್ತಲಿಲ್ಲ. ಮೂವರೂ ಹಿತ್ತಲಿನ ಹುಣಸೆ ಮರದ ಕೆಳಗೆ ಕೂತರು.

"ನೋಡಿ ಮರಿಸಿದ್ದಯ್ಯ," ಅಂದರು ಯೋಗಾನರಸಿಂಹ. "ವಿಚಾರಣೆಗೆ ಮೇಲಿನವರು ಬರ್ತಾರೆ. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಸ್ವಿಚ್ಚಿದೆ ಅಂತ ಬರೆದುಕೊಟ್ಟವರು ನೀವು. ರಾಡು ತಗೊಂಡು ಹೋದವರೂ ನೀವೇ. ನೀವು ಜೈಲಿಗೆ ಹೋಗ್ತೀರಿ, ಮಹದೇವಯ್ಯನವರು ಹೋಗ್ತಾರೆ, ನನ್ನ ಕೆಲಸ ಹೋಗುತ್ತೆ. ಹೋದ ಹುಡುಗ ಬರ್ತಾನಾ?"

ಮನೆಯ ಕಡೆಗೊಮ್ಮೆ ನೋಡಿ ಅವರೇ ಮಾತು ಮುಂದುವರಿಸಿದರು.

"ರಾಡು ಕೊಟ್ಟಿದ್ವಿ, ಅವನು ಹಾಕಲಿಲ್ಲ, ಪಕ್ಕದ ದೊಡ್ಡ ಲೈನಿನಿಂದ ಕರೆಂಟು ಹಾರಿ ಬಂತು ಅಂತ ಹೇಳಿದ್ರೆ ಇಲ್ಲಿಗೇ ಮುಗಿಯುತ್ತೆ. ನಿಮ್ಮ ಮಗಳಿಗೆ ಅನುಕಂಪದ ಮೇಲೆ ಕೆಲಸ ಕೊಡಿಸೋ ಜವಾಬ್ದಾರಿ ನಂದು. ಮೊಮ್ಮಗಳ ಮುಖ ನೋಡಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದ ಮಾತು! ಈಗ ಅದು ಮರಿಸಿದ್ದಯ್ಯನ ಕಡೆಗೇ ತಿರುಗಿ ಬಂದಿತ್ತು. ಸತ್ತವನ ಮೇಲೆ ತಪ್ಪು ಹೊರಿಸುವುದು. ಅದೂ ಯಾವ ತಪ್ಪು? ಆ ಹುಡುಗ ಜನ್ಮದಲ್ಲೇ ಮಾಡದಂಥ ತಪ್ಪು. ಥೂ ಅಂತ ಉಗಿದು ಎದ್ದುಹೋಗಬೇಕಾಗಿತ್ತು. ಎದ್ದುಹೋಗಬೇಕು ಅಂತ ಅನ್ನಿಸಿತು ಕೂಡ. ಆದರೆ ಒಳಮನೆಯಲ್ಲಿ ದೀಪಿಕ, ಅವನ ಮೊಮ್ಮಗಳು, ಅಪ್ಪ ಯಾವಾಗ ಬರ್ತದೆ ಅಂತ ಅಜ್ಜಿಯನ್ನು ಕೇಳುತ್ತಿತ್ತು. ಎಲ್ಲವನ್ನೂ ಹೇಳಿದರೆ ರಂಜಿತ ತನ್ನ ಮುಖವನ್ನು ಹೇಗೆ ನೋಡುತ್ತಾಳೆ? ಅದನ್ನು ನೆನೆಸಿಕೊಂಡಾಗ ಜೈಲಿಗಿಂತ ಹೆಚ್ಚಿನ ಭಯವಾಯಿತು. ಅಪ್ಪನೇ ಅವಳ ಗಂಡನನ್ನು ಕೊಂದ ಅಂತಾಗುತ್ತದಲ್ಲ. ಮಗಳೊಬ್ಬಳಿಗೆ ಗೊತ್ತಾಗದಿದ್ದರೆ ಸಾಕು ಅಂದುಕೊಂಡ.

"ಆಯ್ತು ಸಾರ್," ಅಂದ.

ಮಹದೇವಯ್ಯ ಆಗ ತಲೆ ಎತ್ತಿ ಅವನ ಕೈ ಹಿಡಿದುಕೊಂಡು ಗೊಳೋ ಅಂತ ಅತ್ತ. ಮರಿಸಿದ್ದಯ್ಯನಿಗೆ ಆ ಕೈಯನ್ನು ಕೊಡವಿಬಿಡಬೇಕು ಅನ್ನಿಸಿತು, ಕೊಡವಲಿಲ್ಲ.

ಅವರು ಹೋದ ಮೇಲೆ ರಂಜಿತ ಲೋಟ ತೆಗೆದುಕೊಂಡು ಹೋಗಲು ಹಿತ್ತಲಿಗೆ ಬಂದಳು. ಕುಡಿಯದ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಅವ್ರು ರಾಡ್ ಆಕ್ನಿಲ್ವಂತಾ ಅಪ್ಪ?"

"ಊಂ ಕಣವ್ವ. ಕೊಟ್ಟಿದ್ದೋ. ಮರ್ತ್ಬುಟ್ನೇನೋ."

ಅವಳು ಅಪ್ಪನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಕಾಫಿಯನ್ನು ಹುಣಸೆ ಬುಡಕ್ಕೆ ಚೆಲ್ಲಿ, ಲೋಟ ತೊಳೆಯಲು ಕೂತಳು.

ವಿಚಾರಣೆಯ ದಿನ ಮರಿಸಿದ್ದಯ್ಯ ತನಗೆ ಹೇಳಿಕೊಟ್ಟದ್ದನ್ನು ಒಪ್ಪಿಸಿದ. ಎಲ್ಲಾ ಸಾಮಾನು ಇದ್ದವು, ಮೃತನ ಅಜಾಗರೂಕತೆ ಅಂತ ತೀರ್ಮಾನವಾಯಿತು. ಅಜಾಗರೂಕತೆ! ಮನೆಯಲ್ಲಿ ಗ್ಯಾಸಿನ ನಾಬ್ ತಿರುಗಿಸಿದೆಯಾ ಅಂತ ಮಲಗುವ ಮುನ್ನ ಎದ್ದು ಹೋಗಿ ನೋಡುತ್ತಿದ್ದ ಹುಡುಗನ ಹೆಸರಿನ ಮುಂದೆ ಆ ಪದ. ಆತಗೂರಿನಿಂದ ಬಂದಿದ್ದ ಸಂತೋಷನ ತಾಯಿ ಚಿಕ್ಕಮಾದಮ್ಮ, "ನನ್ ಮಗ ಅಂಗ್ ಮಾಡೋನಲ್ಲ ಕಣಣ್ಣ, ನೀನೇ ಏಳು, ಮಾಡೋನಾ?" ಅಂತ ಮರಿಸಿದ್ದಯ್ಯನನ್ನು ಕೇಳಿದಳು. ಅವನು ಕಣ್ಣು ತಪ್ಪಿಸಿ, ಬಸ್ಸಿಗೆ ಹೊತ್ತಾಯಿತು ಅಂದ.

ಅದೇ ಬೇಸಗೆಯಲ್ಲಿ ಅವನು ರಿಟೈರ್ ಆದ. ಹಾರ ಹಾಕಿದರು, ಮೈಸೂರು ಪೇಟ ಇಟ್ಟರು. ಯೋಗಾನರಸಿಂಹ ಭಾಷಣ ಮಾಡುತ್ತಾ, ಇಷ್ಟು ವರ್ಷದಲ್ಲಿ ಒಂದು ದಿನ ಆಗಲ್ಲ ಅಂದವರಲ್ಲ, ಎಂಥ ಸಮಯಕ್ಕೂ ಅಡ್ಜಸ್ಟ್ ಆದವರು ಅಂತ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರಿಸಿದ್ದಯ್ಯನಿಗೆ ಪೇಟ ಬಿಗಿಯಾಗಿತ್ತು, ತಲೆ ಸಿಡಿಯುತ್ತಿತ್ತು.

ಯೋಗಾನರಸಿಂಹ ಕೊಟ್ಟ ಮಾತಿಗೆ ತಪ್ಪಲಿಲ್ಲ. ರಂಜಿತಳಿಗೆ ಕೆಲಸದ ಆದೇಶ ಬಂತು. ಆಫೀಸಿನೊಳಗೆ ಕುರ್ಚಿ ಖಾಲಿ ಇಲ್ಲ, ಲೈನಿನ ಕೆಲಸವಾದರೆ ಕೂಡಲೇ ಆಗುತ್ತದೆ, ಆಮೇಲೆ ಒಳಕ್ಕೆ ಹಾಕಿಸೋಣ, ಅಲ್ಲಿಯವರೆಗೆ ಅಡ್ಜಸ್ಟ್ ಮಾಡಿಕೊಳ್ಳಲಿ ಅಂದರು. ಮರಿಸಿದ್ದಯ್ಯನ ಹೆಂಡತಿ ಸೋಮಮ್ಮ, ಬೇಡವೇ ಬೇಡ ಅಂತ ಮಗಳ ಕಾಲು ಹಿಡಿದುಕೊಂಡಳು.

"ಮಗಿನ ಓದುಸ್ಬೇಕಲ್ವವ್ವ," ಅಂದಳು ರಂಜಿತ. "ಈಗ ಎಷ್ಟೋ ಎಣ್ಮಕ್ಳು ಕಂಬ ಅತ್ತಾವ್ರೆ. ಬುಡು."

ಅವಳು ಗಂಡನ ಹೆಲ್ಮೆಟ್ಟನ್ನೇ ಹಾಕಿಕೊಂಡು ಹೋದಳು. ಅದರ ಪಟ್ಟಿಯನ್ನು ಅವಳ ಗದ್ದಕ್ಕೆ ಸರಿಹೋಗುವ ಹಾಗೆ ಚಿಕ್ಕದು ಮಾಡಿಕೊಟ್ಟವನು ಮರಿಸಿದ್ದಯ್ಯ.

ಅಂದಿನಿಂದ ಅವನ ನಿದ್ದೆ ಹಾರಿಹೋಯಿತು. ಆಫೀಸಿನಲ್ಲಿ ರಾಡು ಈಗಲೂ ಒಂದೇ. ಹೋಗಿ ಯೋಗಾನರಸಿಂಹರನ್ನು ಕೇಳಿದ, ಇನ್ನೊಂದು ತರಿಸಿ ಸಾರ್ ಅಂತ.

"ಎರಡಿತ್ತು ಅಂತ ನೀವೇ ಹೇಳಿಕೆ ಕೊಟ್ಟಿದ್ದೀರಲ್ರೀ," ಅಂದರು ಅವರು, ದನಿ ತಗ್ಗಿಸಿ. "ಈಗ ನಾನು ಹೊಸದು ಬೇಕು ಅಂತ ಬರೆದ್ರೆ ಆವಾಗಿನದು ಎಲ್ಲಿ ಅಂತ ಕೇಳೋಲ್ವಾ? ಈ ವಿಷಯ ತಣ್ಣಗಾಗ್ಲಿ, ಸ್ವಲ್ಪ ದಿನ."

ಮರಿಸಿದ್ದಯ್ಯ ಸುಮ್ಮನಾಗಲಿಲ್ಲ. ಮಂಡ್ಯದಲ್ಲಿ ಗುರುತಿನ ವೆಲ್ಡಿಂಗ್ ಶಾಪಿನವನ ಹತ್ತಿರ ಕೊಕ್ಕೆ ಮಾಡಿಸಿ, ತಾನೇ ತಂತಿ ಜೋಡಿಸಿ, ಹೊಸ ರಾಡೊಂದನ್ನು ಮಗಳ ಕೈಗೆ ಕೊಟ್ಟ. ಅವಳು ಅದನ್ನು ಹಿಡಿದುಕೊಂಡು ಹೋದ ದಿನವೇ ವಾಪಸ್ಸು ತಂದಳು. ಟೆಸ್ಟ್ ಆಗದ ಸಾಮಾನನ್ನು ಲೈನಿಗೆ ತರಬಾರದು, ರೂಲ್ಸಿದೆ ಅಂದರಂತೆ. ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬಂತೋ ಆ ರೂಲ್ಸು! ರಾಡು ಕೊಟ್ಟಿಗೆಯ ಮೂಲೆ ಸೇರಿತು. ಸೋಮಮ್ಮ ಅದರ ಮೇಲೆ ಬಟ್ಟೆ ಒಣಗಿಸಿದಳು.

ಆಮೇಲೆ ಮಹದೇವಯ್ಯನ ಹತ್ತಿರ ಹೋದ. ಸ್ವಿಚ್ಚು ಹಾಕಿಸು ಅಂತ ಕೈಮುಗಿದ.

"ಆಕುಸ್ದೆ ಇರ್ತೀನೇನ್ಲಾ? ಆದ್ರೆ ಈಗ ಆಕುಸುದ್ರೆ, ಆವಾಗ ಇರ್ನಿಲ್ಲ ಅಂತ ಊರ್ಗೆಲ್ಲ ಗೊತ್ತಾಯ್ತದೆ ಕಣ್ಲಾ. ಪುಟ್ಟರಾಜು ಇದ್ದಾನಲ್ಲ, ಫ್ಯೂಸ್ ಕೀಳ್ತಾನೆ."

"ಅವತ್ತೂ ಇದ್ನಲ್ಲ, ಬೀಗರೂಟ್ಕೋಗಿದ್ದ."

ಮರಿಸಿದ್ದಯ್ಯ ಬೈಯಬೇಕು ಅಂತ ಬಂದಿದ್ದ. ಆದರೆ ಏನಂತ ಬೈಯುವುದು? ಸುಳ್ಳು ಹೇಳಿದವರು ಮೂವರು, ಅದರ ಕೆಳಗೆ ಈಗ ಒಬ್ಬರಿಗೊಬ್ಬರು ಹೆಗಲು ಕೊಟ್ಟು ನಿಂತಿದ್ದಾರೆ. ಒಬ್ಬ ಸರಿದರೂ ಎಲ್ಲರ ಮೇಲೂ ಬೀಳುತ್ತದೆ.

ಕೊನೆಗೆ ಅವನಿಗೆ ಹೊಳೆದದ್ದು ಒಂದೇ ದಾರಿ. ಮಗಳಿಗೆ, "ಕಂಬ ಅತ್ತಕ್ ಮುಂಚೆ ನಂಗೊಂದ್ ಫೋನ್ ಮಾಡವ್ವ, ಇಳುದ್ಮೇಕೂ ಮಾಡು," ಅಂತ ಹೇಳಿದ. ಯಾಕೆ ಅಂತ ಅವಳು ಕೇಳಲಿಲ್ಲ. ಫೋನು ಬಂದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಆಲೆಮನೆಗೆ ಓಡುತ್ತಿದ್ದ. ಮೂರು ಪಿಂಗಾಣಿ ಫ್ಯೂಸುಗಳನ್ನು ತನ್ನ ಕೈಯಾರೆ ಕಿತ್ತು, ಮಡಿಲಲ್ಲಿ ಇಟ್ಟುಕೊಂಡು, ಜನರೇಟರಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದ. ಮಗಳು ಇಳಿದೆ ಅಂತ ಮತ್ತೆ ಫೋನು ಮಾಡುವವರೆಗೆ ಏಳುತ್ತಿರಲಿಲ್ಲ. ಒಲೆಗೆ ಸಿಪ್ಪೆ ತುಂಬುವ ಆಳುಗಳು ಅವನಿಗೆ ಬಿಸಿ ಬೆಲ್ಲದ ಪಾಕ ತಂದುಕೊಡುತ್ತಿದ್ದರು, ಅವನು ಮುಟ್ಟುತ್ತಿರಲಿಲ್ಲ. ಮುದುಕನಿಗೆ ಅಳಿಯ ಸತ್ತ ಮೇಲೆ ತಲೆ ಕೆಟ್ಟಿದೆ ಅಂತ ಊರಿನಲ್ಲಿ ಮಾತಾಯಿತು. ಆಡಿಕೊಳ್ಳಲಿ ಅಂದುಕೊಂಡ. ಮಡಿಲಲ್ಲಿ ಫ್ಯೂಸು ಇದ್ದಷ್ಟು ಹೊತ್ತು ಅವನ ಎದೆ ಸ್ವಲ್ಪ ತಣ್ಣಗಿರುತ್ತಿತ್ತು.

ಹೀಗೇ ಮಳೆಗಾಲ ಕಳೆದು ಮತ್ತೆ ಕಬ್ಬಿನ ಜೋರು ಸೀಜನ್ನು ಬಂತು.

ಒಂದು ದಿನ ಮಧ್ಯಾಹ್ನ ರಂಜಿತಳ ಫೋನು ಬಂತು, ನಾಲೆ ಏರಿಯ ಮೇಲಿನ ಕಂಬ, ಲೈನು ಆಫ್ ಮಾಡಿಸಲು ಫೋನು ಮಾಡಿದೀನಿ ಅಂತ. ಅದೇ ಕಂಬ. ಮರಿಸಿದ್ದಯ್ಯ ಓಡುತ್ತಾ ಹೋಗಿ ಫ್ಯೂಸು ಕಿತ್ತುಕೊಂಡು ಕೂತ. ಫ್ಯೂಸು ಕಿತ್ತ ಕೂಡಲೇ ಗಾಣ ನಿಂತಿತು, ಸ್ವಲ್ಪ ಹೊತ್ತಿಗೆ ಊರಿನ ಕರೆಂಟೂ ಹೋಯಿತು. ಗಾಣ ನಿಂತ ಮೇಲೆ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ನಿಶ್ಶಬ್ದದಲ್ಲಿ ಅವನ ಕಿವಿಗೆ ಒಂದು ಸದ್ದು ಬಿತ್ತು. ಡುಗು ಡುಗು ಡುಗು. ಮಹದೇವಯ್ಯನ ಜನರೇಟರಲ್ಲ, ಅದು ಪಕ್ಕದಲ್ಲೇ ಸುಮ್ಮನೆ ನಿಂತಿದೆ. ಸದ್ದು ಬರುತ್ತಿದ್ದದ್ದು ನಾಲೆಯ ಆಚೆ ಕಡೆಯಿಂದ.

"ಅದೇನ್ಲಾ ಅದು?" ಅಂತ ಪುಟ್ಟರಾಜುವನ್ನು ಕೇಳಿದ.

"ಆಚೆ ತೋಟ್ದಲ್ಲಿ ಒಸ ಕೋಳಿ ಫಾರಂ ಮಾಡವ್ರಲ್ಲಣ್ಣ. ಜನರೇಟ್ರು ಮಡಗವ್ರೆ."

"ಸ್ವಿಚ್ಚು?"

ಪುಟ್ಟರಾಜು ಅವನ ಮುಖ ನೋಡಿ ನಕ್ಕ. "ಏನಣ್ಣ ನೀನೇ ಇಂಗ್ ಕೇಳ್ತೀಯ? ನಮ್ ಕಡೆ ಯಾರಣ್ಣ ಆಕುಸ್ತಾರೆ. ಎಲ್ಲಾ ಅಡ್ಜಸ್ಟು."

ಮರಿಸಿದ್ದಯ್ಯ ಎದ್ದುನಿಂತ. ಮಡಿಲಿನಿಂದ ಜಾರಿದ ಫ್ಯೂಸುಗಳಲ್ಲಿ ಎರಡು ಕೈಗೆ ಸಿಕ್ಕವು, ಒಂದು ನೆಲಕ್ಕೆ ಬಿದ್ದು ಒಡೆಯಿತು. ಇಷ್ಟು ದಿನ ಒಂದು ಗಾಣದ ಬಾಗಿಲು ಕಾದುಕೊಂಡು ಕೂತಿದ್ದನಲ್ಲ, ಈ ಸೀಮೆಯಲ್ಲಿ ಜನರೇಟರು ಎಷ್ಟಿವೆ? ಚೌಟ್ರಿಗಳಲ್ಲಿ, ಅಕ್ಕಿ ಗಿರಣಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ. ಎಷ್ಟಕ್ಕೆ ತಾನೇ ಹೋಗಿ ಫ್ಯೂಸು ಕೀಳುವ ಪಾಠ ಹೇಳಿಕೊಟ್ಟು ಬಂದಿಲ್ಲ? ಮಗಳ ನಂಬರು ಒತ್ತಿದ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಅವನು ಬಾಯಲ್ಲಿ ಮಾದಪ್ಪ ದೇವರನ್ನು ಕರೆಯುತ್ತಾ ಏರಿಯ ಕಡೆ ಓಡಿದ. ಕಟ್ಟಾಗುವ ಮೊದಲು ಅವಳು ಎತ್ತಿದಳು.

"ಅಪ್ಪ?"

"ಅತ್ತಿದ್ಯಾ? ಮ್ಯಾಲೆ ಇದ್ಯಾ?"

"ಇಲ್ಲ, ಬೆಲ್ಟ್ ಕಟ್ಕತಾ ಇದ್ದೆ."

"ಅತ್ತಬ್ಯಾಡ ಕಣವ್ವ! ದಮ್ಮಯ್ಯ, ಅತ್ತಬ್ಯಾಡ. ಜನರೇಟ್ರು ಓಡ್ತಾ ಅದೆ, ಅದು ವಾಪಸ್ಸು ಲೈನ್ಗೆ ಬತ್ತದೆ. ರಾಡಿಲ್ದೆ ಅತ್ತಬ್ಯಾಡ."

ಅವನು ಏರಿ ಹತ್ತುತ್ತಾ ಏದುಸಿರು ಬಿಡುತ್ತಿದ್ದ. ಇನ್ನು ತಡೆದುಕೊಳ್ಳಲು ಅವನ ಕೈಯಲ್ಲಿ ಆಗಲಿಲ್ಲ. ಎಲ್ಲಾ ಬಾಯಿಗೆ ಬಂದುಬಿಟ್ಟಿತು.

"ಸಂತೋಸನ್ ತಾವ ಅವತ್ತು ರಾಡಿರ್ನಿಲ್ಲ ಕಣವ್ವ. ಮರೀನಿಲ್ಲ ಅವ್ನು. ನಾನೇ ತಕಂಡೋಗಿದ್ದೆ. ಕೇಳ್ದ, ಅಡ್ಜಸ್ಟ್ ಮಾಡ್ಕ ಅಂದ್ಬುಟ್ಟೆ. ಆಲೆಮನೆ ಸ್ವಿಚ್ಚೂ ನಂದೇ ತಪ್ಪು. ನಾನೇ ಕೊಂದ್ಬುಟ್ಟೆ ಕಣವ್ವ ಅವ್ನ."

ಅವನು ಏರಿಯ ಮೇಲೆ ಬಂದು ನಿಂತ. ದೂರದಲ್ಲಿ ಕಂಬದ ಬುಡದಲ್ಲಿ ಹಳದಿ ಹೆಲ್ಮೆಟ್ಟು ಕಾಣಿಸುತ್ತಿತ್ತು. ರಂಜಿತ ಫೋನು ಕಿವಿಗೆ ಒತ್ತಿಕೊಂಡು ಅವನ ಕಡೆಗೇ ನೋಡುತ್ತಿದ್ದಳು.

"ಗೊತ್ತು ಕಣಪ್ಪ," ಅಂದಳು.

"ಏನು?"

"ಅವತ್ತೂ ಅತ್ತಕ್ ಮುಂಚೆ ಫೋನ್ ಮಾಡಿದ್ರು. ರಾಡ್ನ ಮಾವ ತಕಂಡೋದ್ರು, ಅಡ್ಜಸ್ಟ್ ಮಾಡ್ಕ ಅಂದ್ರು, ಏನ್ ಮಾಡ್ಲಿ ರಂಜಿ, ಭಯ ಆಯ್ತದೆ ಅಂದ್ರು." ಅವಳ ದನಿ ಒಂದು ಚೂರೂ ನಡುಗಲಿಲ್ಲ. "ನಾನು ನಗಾಡ್ದೆ. ನಮ್ಮಪ್ಪ ಏಳುದ್ಮೇಕೆ ಏನೂ ಆಗಕಿಲ್ಲ, ಅತ್ತಿ ಅಂದೆ."

ಮರಿಸಿದ್ದಯ್ಯನಿಗೆ ಹಿತ್ತಲಿನಲ್ಲಿ ಅವಳು ಲೋಟ ಹಿಡಿದು ತನ್ನ ಮುಖ ನೋಡಿದ್ದು ನೆನಪಾಯಿತು. ಅವತ್ತಿನಿಂದ ಅವಳು ತನಗೆ ಅನ್ನ ಬಡಿಸಿದ್ದಾಳೆ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದಾಳೆ.

"ಓಗು ಅಪ್ಪ," ಅಂದಳು ರಂಜಿತ. "ಓಗಿ ಆ ಜನರೇಟ್ರ ನಿಲ್ಸು. ನೀನು ಬರಗಂಟ ನಾನು ಕೆಳುಗ್ಲೇ ನಿಂತಿರ್ತೀನಿ."

ಫೋನು ಕಟ್ಟಾಯಿತು. ಕೈಯಲ್ಲಿ ಉಳಿದಿದ್ದ ಎರಡು ಫ್ಯೂಸುಗಳನ್ನು ಹಿಡಿದುಕೊಂಡೇ ಅವನು ನಾಲೆಯ ಸೇತುವೆ ಕಡೆಗೆ ನಡೆದ. ಆಚೆ ದಡದಲ್ಲಿ ಜನರೇಟರು ಓಡುತ್ತಲೇ ಇತ್ತು.